ಮೂರನೆಯ ಪೆಡಲು

"ಅತ್ತೆ, ನೀವಾದ್ರೂ ಸ್ವಲ್ಪ ಹೇಳಿ. ನಾನು ಹೇಳಿದ್ರೆ ಕೇಳೋದಿಲ್ಲ" ಎಂದು ಅಳಿಯ ದೋಸೆಯ ತಟ್ಟೆಯನ್ನು ಮುಂದಕ್ಕೆ ತಳ್ಳಿದಾಗ, ಏನೋ ದೊಡ್ಡ ಸಂಗತಿಯೇ ಇರಬೇಕು ಅಂದುಕೊಂಡೆ. ಅವನು ದಾವಣಗೆರೆಯವನು, ದೋಸೆಯ ತಟ್ಟೆಯನ್ನು ಸುಮ್ಮನೆ ತಳ್ಳುವವನಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ ಅವರ ಮನೆ. ಡೆಟ್ರಾಯಿಟ್ ನಗರ ಅಲ್ಲಿಂದ ಅರ್ಧ ಗಂಟೆಯ ದಾರಿ. 2016ರ ಮೇ ತಿಂಗಳು, ನಾನು ಹೋಗಿ ಎರಡು ವಾರವಾಗಿತ್ತಷ್ಟೆ.

ವಿಷಯ ಇಷ್ಟೆ. ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸಲು ಇಟ್ಟಿದ್ದ ಹಣದಲ್ಲಿ ಮಗಳು ಕಾರು ಕೊಳ್ಳುತ್ತಾಳಂತೆ. ಮನೆಯ ಮುಂದೆ ಆಗಲೇ ಎರಡು ಕಾರುಗಳಿವೆ. ಮೂರನೆಯದು ಹೊಸದಾಗಿದ್ದರೆ ಅವನೂ ಸಹಿಸಿಕೊಳ್ಳುತ್ತಿದ್ದನೇನೋ. ಇದು 1970ನೇ ಇಸವಿಯದು. ನಾನು ಪಿಯುಸಿ ಓದುತ್ತಿದ್ದ ವರ್ಷದ್ದು! ಅದಕ್ಕೆ ಎಸಿ ಇಲ್ಲ, ಏರ್‌ಬ್ಯಾಗ್ ಇಲ್ಲ, ಲೀಟರಿಗೆ ನಾಲ್ಕೈದು ಕಿಲೋಮೀಟರಿಗಿಂತ ಹೆಚ್ಚು ಓಡುವುದಿಲ್ಲ. ಮೇಲಾಗಿ ಗೇರು ಕೈಯಲ್ಲೇ ಹಾಕಬೇಕು. ಅಮೆರಿಕದಲ್ಲಿ ಈಗ ಗೇರಿನ ಕಾರು ಓಡಿಸಬಲ್ಲವರನ್ನು ಹುಡುಕಿಕೊಂಡು ಹೋಗಬೇಕು. ಕಾರುಗಳ್ಳ ಒಳಗೆ ಹತ್ತಿ, ಮೂರು ಪೆಡಲು ನೋಡಿ ಇಳಿದು ಓಡಿಹೋದ ಕಥೆಗಳು ಅಲ್ಲಿ ಬೇಕಾದಷ್ಟಿವೆ.

ಗಂಡ ಹೆಂಡತಿ ಮೂರು ದಿನದಿಂದ ಮಾತು ಬಿಟ್ಟಿದ್ದಾರೆಂದು ನನಗೆ ಆಗ ಗೊತ್ತಾಯಿತು. ಒಂಬತ್ತು ವರ್ಷದ ಮೊಮ್ಮಗನ ಮೂಲಕ ಅಂಚೆ ನಡೆಯುತ್ತಿತ್ತು. "ಅಪ್ಪಂಗೆ ಹೇಳು, ಹಾಲು ಮುಗಿದಿದೆ ಅಂತ." ನಾನು ಇಂಥ ಅಂಚೆಯನ್ನು ಎಷ್ಟೋ ವರ್ಷ ನಡೆಸಿದವಳು. ನಗು ಬಂತು, ಭಯವೂ ಆಯಿತು.

ರಾತ್ರಿ ಪಾತ್ರೆ ಒರೆಸುತ್ತಾ ಮಗಳನ್ನು ಕೇಳಿದೆ. "ಯಾಕೆ ಬೇಕು ಮಾರಾಯ್ತಿ ಆ ಹಳೇ ಕಾರು?" ಅವಳು ಹೇಳಿದ ಕಾರಣ ವಿಚಿತ್ರವಾಗಿತ್ತು. ಅವಳ ಕೆಲಸ ಕಾರಿನ ಕಂಪ್ಯೂಟರುಗಳದು. ಮುಂದೆ ಯಾರೂ ಓಡಿಸಬೇಕಾಗಿಲ್ಲದೆ ತಾನೇ ಓಡುವ ಕಾರು ಬರಬೇಕಂತೆ, ಅದಕ್ಕಾಗಿ ಇವಳು ದಿನಕ್ಕೆ ಹತ್ತು ಗಂಟೆ ಪರದೆಯ ಮುಂದೆ ಕೂರುತ್ತಾಳೆ. "ಅಮ್ಮ, ನಾನು ಏನಾದ್ರೂ ಮಾಡಿದ್ರೆ ಮಾತ್ರ ಮುಂದೆ ಹೋಗೋ ಒಂದು ಕಾರು ನಂಗೆ ಬೇಕು" ಎಂದಳು. ಸ್ವಲ್ಪ ತಡೆದು, "ಅಜ್ಜಯ್ಯನ ಬಸ್ಸಿನ ಹಾಗೆ" ಎಂದು ಸೇರಿಸಿದಳು. ಅಜ್ಜಯ್ಯನ ಹೆಸರು ತಂದರೆ ನಾನು ಕರಗುತ್ತೇನೆಂದು ಅವಳಿಗೆ ಚೆನ್ನಾಗಿ ಗೊತ್ತು.

ನನ್ನ ಅಪ್ಪಯ್ಯ ಸಾಗರದ ಕಡೆಯ ಒಂದು ಖಾಸಗಿ ಬಸ್ಸಿನ ಡ್ರೈವರಾಗಿದ್ದರು. ಫಾರ್ಗೊ ಬಸ್ಸು. ರಜೆ ಬಂದರೆ ನನಗೆ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಜಾಗ, ಕೆಳಗೆ ಎಂಜಿನ್ನಿನ ಕಾವು. ಕಣ್ಣು ಮುಚ್ಚಿಕೊಂಡರೂ ಯಾವ ಗೇರಿನಲ್ಲಿ ಘಟ್ಟ ಹತ್ತುತ್ತಿದ್ದೇವೆಂದು ಕಿವಿ ಹೇಳುತ್ತಿತ್ತು. ಒಂದು ಬೇಸಿಗೆಯಲ್ಲಿ ಜಗಲಿಯ ಮುಂದೆ ಮೂರು ಕಲ್ಲುಗಳನ್ನು ಸಾಲಾಗಿಟ್ಟು, "ಇದು ಕ್ಲಚ್ಚು, ಇದು ಬ್ರೇಕು, ಇದು ಎಕ್ಸಲೇಟರು" ಎಂದು ಅಪ್ಪಯ್ಯ ನನಗೆ ಕಾಲಿನ ಪಾಠ ಮಾಡಿದರು. ಅಡಿಕೆ ಒಣಗಿಸುವ ಕೋಲೇ ಗೇರು. ಕಲ್ಲಿನ ಮೇಲೆ ನಾನು ಒಳ್ಳೆಯ ಡ್ರೈವರಾದೆ. ನಿಜವಾದ ಬಸ್ಸನ್ನು ಒಮ್ಮೆ ಮಾತ್ರ, ಕೊಯ್ಲಾದ ಗದ್ದೆಯಲ್ಲಿ ನೂರು ಮಾರು ಓಡಿಸಿದ್ದು. ಅಮ್ಮ ನೋಡಿ ಎದೆ ಬಡಿದುಕೊಂಡಳು. ಅಲ್ಲಿಗೆ ಮುಗಿಯಿತು.

ಇನ್ನು ಆ ಕಾರು. ಅದರ ಹೆಸರು ಪ್ಲಿಮತ್ ಡಸ್ಟರ್ 340. ಕ್ರೈಸ್ಲರ್ ಕಂಪನಿಯದು. ಇಂಥವನ್ನು ಅಲ್ಲಿ 'ಮಸಲ್ ಕಾರು' ಎನ್ನುತ್ತಾರೆ. ಗರಡಿ ಮನೆಯಲ್ಲಿ ತಯಾರಾದ ಪೈಲ್ವಾನನ ಜಾತಿ. ಅದರಲ್ಲೂ ಇದು 'ಕಾಂಪ್ಯಾಕ್ಟ್', ಅಂದರೆ ಚಿಕ್ಕದು. ಚಿಕ್ಕದು ಎಂದರೆ ನಮ್ಮ ಲೆಕ್ಕದಲ್ಲಲ್ಲ. ನಮ್ಮ ಅಂಬಾಸಡರಿಗಿಂತ ಒಂದೂವರೆ ಅಡಿ ಉದ್ದ! 340 ಎನ್ನುವುದು ಎಂಜಿನ್ನಿನ ಅಳತೆ, ಘನ ಇಂಚುಗಳಲ್ಲಿ. ಲೀಟರಿನಲ್ಲಿ ಹೇಳುವುದಾದರೆ 5.6. ನಮ್ಮ ಹಳೆಯ ಫಿಯೆಟ್ ಕಾರುಗಳು ಐದು ಸೇರಿದರೆ ಅಷ್ಟು ಎಂಜಿನ್ ಆದೀತು. ಅಂಥದನ್ನು ಒಂದೇ ಕಾರಿಗೆ, ಅದೂ ಚಿಕ್ಕ ಕಾರಿಗೆ ತುರುಕಿದ್ದಾರೆ. ಏಕೆ ತುರುಕಿದರು? ಇದನ್ನು ತಿಳಿಯಲು ನಾನು ಊರಿನ ಗ್ರಂಥಾಲಯಕ್ಕೆ ಹೋಗಿ ಮೂರು ಪುಸ್ತಕ ತಂದು ಓದಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವಳ ಚಟ.

ಓದುತ್ತಾ ಹೋದಂತೆ ನನಗೆ ಆಶ್ಚರ್ಯವಾದದ್ದು ಇದು: ಈ ಪಡ್ಡೆ ಹುಡುಗರ ಕಾರು ಹುಟ್ಟಿದ್ದು ಗೃಹಿಣಿಯರ ಕಾರಾಗಿ.

ಐವತ್ತರ ದಶಕದಲ್ಲಿ ಅಮೆರಿಕದ ಕಾರುಗಳು ವರ್ಷದಿಂದ ವರ್ಷಕ್ಕೆ ಉಬ್ಬುತ್ತಾ ಹೋದವು. ಹಿಂದೆ ರೆಕ್ಕೆ, ಮುಂದೆ ಕ್ರೋಮಿನ ಹಲ್ಲು. ಅಷ್ಟರಲ್ಲಿ 1957-58ರ ಆರ್ಥಿಕ ಹಿಂಜರಿತ ಬಂತು. ಜನ ಜರ್ಮನಿಯ ಪುಟ್ಟ ಫೋಕ್ಸ್‌ವ್ಯಾಗನ್ ಕಡೆ ತಿರುಗಿದರು. ಇನ್ನೊಂದು ಕಾರಣವೂ ಇತ್ತು. ಊರಾಚೆಯ ಬಡಾವಣೆಗಳಲ್ಲಿ ಮನೆ ಮಾಡಿದವರ ಪಾಡು ಯೋಚಿಸಿ. ಇದ್ದ ಒಂದು ಕಾರನ್ನು ಬೆಳಿಗ್ಗೆ ಗಂಡ ತೆಗೆದುಕೊಂಡು ಹೋದರೆ ಹೆಂಡತಿ ಸಂಜೆಯವರೆಗೂ ಸೆರೆಮನೆಯಲ್ಲಿ. ಅಂಗಡಿಗೆ ನಡೆಯುವಷ್ಟು ಹತ್ತಿರವಿಲ್ಲ, ಬಸ್ಸಿಲ್ಲ. ಮನೆಗೆ ಎರಡನೆಯದೊಂದು ಸಣ್ಣ, ಅಗ್ಗದ, ಹೆಚ್ಚು ಪೆಟ್ರೋಲು ಕುಡಿಯದ ಕಾರು ಬೇಕಾಯಿತು. 1959ರ ಶರತ್ಕಾಲದಲ್ಲಿ ಮೂರು ದೊಡ್ಡ ಕಂಪನಿಗಳೂ ಒಟ್ಟಿಗೆ ಚಿಕ್ಕ ಕಾರುಗಳನ್ನು ಬಿಟ್ಟವು. ಷೆವ್ರೊಲೆಯ ಕಾರ್ವೇರ್, ಫೋರ್ಡಿನ ಫಾಲ್ಕನ್, ಕ್ರೈಸ್ಲರಿನ ವೇಲಿಯಂಟ್. ವೇಲಿಯಂಟಿನ ಆರು ಸಿಲಿಂಡರಿನ ಎಂಜಿನ್ 30 ಡಿಗ್ರಿ ಒಂದು ಕಡೆಗೆ ವಾಲಿಕೊಂಡಿರುತ್ತದೆ, ಗೋಡೆಗೊರಗಿ ನಿಂತ ಸೋಮಾರಿಯಂತೆ. ಆದರೆ ದುಡಿಮೆಯಲ್ಲಿ ಗಾಣದೆತ್ತು.

ಮಿತವ್ಯಯಕ್ಕೆಂದು ಹುಟ್ಟಿದ ಕೂಸು ಐದೇ ವರ್ಷದಲ್ಲಿ ಕೈತಪ್ಪಿತು. ಯುದ್ಧದ ನಂತರ ಹುಟ್ಟಿದ ಮಕ್ಕಳು ಹದಿನೆಂಟಕ್ಕೆ ಕಾಲಿಡುತ್ತಿದ್ದರು, ಅವರ ಜೇಬಿನಲ್ಲಿ ಹಣವಿತ್ತು. 1964ರ ಏಪ್ರಿಲ್ ಒಂದರಂದು ವೇಲಿಯಂಟಿನ ಮೈಮೇಲೆ ಇಳಿಜಾರು ಗಾಜು ಕೂರಿಸಿ ಬರಾಕುಡಾ ಎಂಬ ಕಾರು ಬಂತು; ಎರಡು ವಾರ ಕಳೆದು ಫಾಲ್ಕನ್ನಿನ ಎಲುಬಿನ ಮೇಲೆ ಮಸ್ಟಾಂಗ್ ಬಂತು. ಅದೇ ಹೊತ್ತಿಗೆ ಪಾಂಟಿಯಾಕ್‌ನವರು ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಜಿನ್ ಹಾಕಿ ಜಿಟಿಓ ಎಂದು ಮಾರಿದರು. ಗುಟ್ಟು ಬಯಲಾಯಿತು: ಗಾಡಿ ಹಗುರ, ಎಂಜಿನ್ ಭಾರಿ, ಬೆಲೆ ಕೈಗೆಟಕುವಂಥದು. 1967ರಲ್ಲಿ ನಾರ್ಮ್ ಕ್ರಾಸ್ ಎಂಬ ಷಿಕಾಗೋದ ಡಾಜ್ ವ್ಯಾಪಾರಿ ಚಿಕ್ಕ ಡಾರ್ಟ್ ಕಾರಿನೊಳಗೆ 383 ಇಂಚಿನ ಎಂಜಿನ್ ಇಳಿಸಿಯೇ ಬಿಟ್ಟ. 1968ಕ್ಕೆ ಕ್ರೈಸ್ಲರಿನ 340 ಎಂಜಿನ್, ಅದೇ ವರ್ಷ ಷೆವ್ರೊಲೆಯ ನೋವಾ ಕಾರಿಗೆ 396. ಗೃಹಿಣಿಯ ತರಕಾರಿ ಚೀಲ ಹೊರಬೇಕಾಗಿದ್ದ ಕಾರುಗಳು ಕೆಂಪು ದೀಪ ಹಸಿರಾಗುವುದನ್ನೇ ಕಾಯುತ್ತಾ ಗುರುಗುಟ್ಟತೊಡಗಿದವು. ಡೆಟ್ರಾಯಿಟಿನ ವುಡ್‌ವರ್ಡ್ ಅವೆನ್ಯೂನಲ್ಲಿ ರಾತ್ರಿಯಾದರೆ ಇದೇ ಆಟ. ಹಗಲು ಎಂಜಿನ್ ಮಾಡುತ್ತಿದ್ದವರೇ ರಾತ್ರಿ ಓಡಿಸಿ ನೋಡುತ್ತಿದ್ದರಂತೆ.

ಈ ಆಟದಲ್ಲಿ ಹೆಂಗಸರೇ ಇರಲಿಲ್ಲವೆಂದು ತಿಳಿಯಬೇಡಿ. ಷರ್ಲಿ ಷಹಾನ್ ಎಂಬಾಕೆ ಗ್ಯಾಸ್ ಕಂಪನಿಯಲ್ಲಿ ಕೆಲಸಕ್ಕಿದ್ದವಳು, ಸಂಸಾರಸ್ಥೆ. 1966ರಲ್ಲಿ ಕ್ಯಾಲಿಫೋರ್ನಿಯಾದ ರಾಷ್ಟ್ರಮಟ್ಟದ ಡ್ರ್ಯಾಗ್ ಓಟದಲ್ಲಿ ಪ್ಲಿಮತ್ ಓಡಿಸಿ ತನ್ನ ವರ್ಗದಲ್ಲಿ ಗೆದ್ದಳು. ಕಾಲು ಮೈಲಿಯ ಓಟ. ಅಕ್ಕಿ ಆರಿಸುವಾಗ ಒಂದು ಕಲ್ಲು ತೆಗೆದು ಬಿಸಾಡುವಷ್ಟು ಹೊತ್ತು.

ಡಸ್ಟರ್ ಬಂದದ್ದು ಈ ಕಥೆಯ ಕೊನೆಯ ಭಾಗದಲ್ಲಿ, 1969ರ ಶರತ್ಕಾಲಕ್ಕೆ, 1970ರ ಮಾದರಿಯಾಗಿ. ವೇಲಿಯಂಟಿನ ಮುಂಭಾಗವನ್ನು ಹಾಗೆಯೇ ಉಳಿಸಿ, ಬೆನ್ನಿಗೆ ಮಾತ್ರ ಹೊಸ ಸೀರೆ ಉಡಿಸಿದರು. ಪಕ್ಕದಲ್ಲಿ ಕಣ್ಣು ಬಿಡುವ ಸುಂಟರಗಾಳಿಯ ಚಿತ್ರ ಅಂಟಿಸಿದರು. ಸಾಧಾರಣ ಡಸ್ಟರಿಗೆ 2,172 ಡಾಲರ್, 340ಕ್ಕೆ 2,547. ಆ ಬೆಲೆಗೆ ಕಂಪನಿಯ ಲೆಕ್ಕದಲ್ಲಿ 275 ಕುದುರೆಗಳು, ಕಾಲು ಮೈಲಿಗೆ ಸುಮಾರು 15 ಸೆಕೆಂಡು. ಮೊದಲ ವರ್ಷವೇ ಎರಡು ಲಕ್ಷಕ್ಕೂ ಹೆಚ್ಚು ಡಸ್ಟರುಗಳು ಮಾರಿಹೋದವು. ಅದರಲ್ಲಿ 340ರವು 24,817. ಇದಕ್ಕೆ ವಿಮೆಯ ಕಂಪನಿಗಳೂ ಒಂದು ಕಾರಣ. ಅಷ್ಟು ಹೊತ್ತಿಗೆ ಅವರು ಹುಡುಗರ ದೊಡ್ಡ ಮಸಲ್ ಕಾರುಗಳ ಮೇಲೆ ಕಂತು ಏರಿಸಿದ್ದರು. ಸಂಸಾರಸ್ಥರ ಕಾರಿನ ವೇಷ ತೊಟ್ಟಿದ್ದ ಡಸ್ಟರು ಸ್ವಲ್ಪ ಕಾಲ ಅವರ ಕಣ್ಣು ತಪ್ಪಿಸಿಕೊಂಡಿತು. ಸ್ವಲ್ಪವೇ ಕಾಲ. 1970ರಲ್ಲಿ ಹೊಗೆಯ ಕಾಯಿದೆ ಬಂತು, 1972ರ ಹೊತ್ತಿಗೆ ಎಂಜಿನ್ನುಗಳ ಕಂಪ್ರೆಶನ್ ಇಳಿಸಿದರು, 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. 340 ಎಂಜಿನ್ ಅದೇ ವರ್ಷಕ್ಕೆ ಕೊನೆ. ಡಸ್ಟರ್ 1976ಕ್ಕೆ ಕೊನೆ.

ಪುಸ್ತಕದಲ್ಲಿ ಕ್ರೈಸ್ಲರ್ ಎಂದು ಓದಿದಾಗಲೆಲ್ಲ ನನಗೆ ಅಪ್ಪಯ್ಯನ ಬಸ್ಸು ಕಣ್ಣಿಗೆ ಕಟ್ಟುತ್ತಿತ್ತು. ಫಾರ್ಗೊ ಕೂಡ ಕ್ರೈಸ್ಲರಿನದೇ ಹೆಸರು. ಅದು ನಮ್ಮ ಘಟ್ಟಕ್ಕೆ ಬಂದ ದಾರಿಯಲ್ಲಿ ನಮ್ಮ ವಿಶ್ವೇಶ್ವರಯ್ಯನವರೂ ನಿಂತಿದ್ದಾರೆ. ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಅವರು ಕಾರಿನ ಕಾರ್ಖಾನೆ ಕಟ್ಟುವ ಯೋಜನೆ ಹಿಡಿದು ಯುರೋಪು, ಅಮೆರಿಕ ಸುತ್ತಿ ಬಂದರು. ಮುಂಬಯಿಯ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು, ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದದವರೆಗೂ ಹೋಯಿತು. ಮೈಸೂರು ಸರ್ಕಾರ ಕೈಜೋಡಿಸಲು ಮುಂದೆ ಬಂದರೂ ಬ್ರಿಟಿಷರು ಒಪ್ಪಲಿಲ್ಲ. ಬೆಂಗಳೂರಿಗೆ 1940ರಲ್ಲಿ ವಿಮಾನದ ಕಾರ್ಖಾನೆ ಬಂತು, ಕಾರಿನದು ಬರಲಿಲ್ಲ. ಕೊನೆಗೆ ವಾಲ್‌ಚಂದ್ ಸ್ಥಾಪಿಸಿದ ಪ್ರೀಮಿಯರ್ ಕಂಪನಿ ಮುಂಬಯಿಯ ಕುರ್ಲಾದಲ್ಲಿ ಡಾಜ್, ಪ್ಲಿಮತ್ ಕಾರುಗಳನ್ನೂ ಫಾರ್ಗೊ ಲಾರಿಗಳನ್ನೂ ಜೋಡಿಸಿತು. ಒಂದು ಸಹಿ ಬಿದ್ದಿದ್ದರೆ ಅಪ್ಪಯ್ಯನ ಬಸ್ಸಿನ ಚಾಸಿ ಬೆಂಗಳೂರಿನಲ್ಲೇ ತಯಾರಾಗುತ್ತಿತ್ತೇನೋ!

ಸಹಿಯ ಮಾತು ಮತ್ತೆ ಬರುತ್ತದೆ. ಮೊದಲು ನಾವು ನೋಡಿದ ಮೊದಲನೆಯ ಕಾರಿನ ಕಥೆ ಹೇಳಿಬಿಡುತ್ತೇನೆ.

ಒಂದು ಶನಿವಾರ ಮಗಳು ನನ್ನನ್ನೂ ಕರೆದುಕೊಂಡು ಹೊರಟಳು. ಹೊರಡುವಾಗ ಫ್ರಿಜ್ಜಿನ ಮೇಲಿದ್ದ ಜೋಗ ಜಲಪಾತದ ಮ್ಯಾಗ್ನೆಟ್ ಕಿತ್ತು ಚೀಲಕ್ಕೆ ಹಾಕಿಕೊಂಡಳು. ನಾನೇ ಹಿಂದಿನ ಸಲ ತಂದುಕೊಟ್ಟದ್ದು. ಏಕೆಂದು ಕೇಳಲಿಲ್ಲ. ಹಳೆಯ ಕಾರುಗಳ ಒಂದು ಅಂಗಡಿಯಲ್ಲಿ ಕುಂಕುಮದಂತೆ ಹೊಳೆಯುವ ಡಸ್ಟರು, ಪಕ್ಕದಲ್ಲಿ '340' ಎಂದು ದಪ್ಪಕ್ಷರ. ಬೆಲೆ 22,000 ಡಾಲರ್. ನನಗಂತೂ ಬಹಳ ಇಷ್ಟವಾಯಿತು. ಮಗಳು ಅದರ ಅಂದ ನೋಡಲೇ ಇಲ್ಲ. ಮ್ಯಾಗ್ನೆಟ್ಟಿಗೆ ಕರವಸ್ತ್ರ ಸುತ್ತಿ, ಚಕ್ರದ ಮೇಲೆ, ಬಾಗಿಲ ಕೆಳಗೆ ಮೆಲ್ಲಗೆ ಒತ್ತುತ್ತಾ ಹೋದಳು. ಕಬ್ಬಿಣವಿದ್ದರೆ ಹಿಡಿಯುತ್ತದೆ, ಪುಟ್ಟಿಯಿದ್ದರೆ ಬೀಳುತ್ತದೆ. ನಮ್ಮ ಜೋಗ ಎರಡು ಕಡೆ ಕೆಳಗೆ ಬಿತ್ತು.

ಆಮೇಲೆ ಅವಳು ಮುಂದಿನ ಗಾಜಿನಾಚೆಯಿಂದ ಡ್ಯಾಶ್‌ಬೋರ್ಡಿನ ಎಡಮೂಲೆಯ ತಗಡಿನ ಪಟ್ಟಿ ಓದಿದಳು. ಅದು ಕಾರಿನ ಜಾತಕ, ಹದಿಮೂರು ಅಕ್ಷರ ಅಂಕಿಗಳು. ಅಸಲಿ 340 ಆದರೆ ಅದು 'ವಿ ಎಸ್ 29 ಎಚ್ 0' ಎಂದು ಶುರುವಾಗಬೇಕು. 'ವಿ' ಎಂದರೆ ವೇಲಿಯಂಟ್. ಡಸ್ಟರ್ ಎಷ್ಟು ಮೆರೆದರೂ ಕಾಗದದಲ್ಲಿ ವೇಲಿಯಂಟಿನ ಮಗಳೇ. ಐದನೆಯ ಅಕ್ಷರ 'ಎಚ್' ಎಂದರೆ 340 ಎಂಜಿನ್, ಸೊನ್ನೆ ಎಂದರೆ 1970. ಈ ಕೆಂಪು ಸುಂದರಿಯ ಐದನೆಯ ಅಕ್ಷರ 'ಸಿ'. ಹುಟ್ಟುವಾಗ ಇದ್ದದ್ದು ವಾಲಿಕೊಂಡಿರುವ ಆ ಆರು ಸಿಲಿಂಡರಿನ ಎಂಜಿನ್. ಬಾನೆಟ್ಟಿನೊಳಗೆ ಎಡಭಾಗದಲ್ಲಿ ಇನ್ನೊಂದು ತಗಡು ಇರಬೇಕು. ಅದರ ಮೇಲೆ ಎಂಜಿನ್ನಿಗೆ 'ಇ 55', ನಾಲ್ಕು ಗೇರಿಗೆ 'ಡಿ 21' ಎಂದು ಕೆತ್ತಿರುತ್ತದೆ. ಅಲ್ಲಿ ಸ್ಕ್ರೂ ತೂತುಗಳಷ್ಟೇ ಇದ್ದವು. ಕೊನೆಗೆ ಗೇರುಕೋಲಿನ ಬಳಿ ನೆಲದ ಹಾಸನ್ನು ಎತ್ತಿ ನೋಡಿದಳು. ನಾಲ್ಕು ಗೇರಿನ ಕಾರಿನ ನೆಲದಲ್ಲಿ ಕಾರ್ಖಾನೆಯವರೇ ಒಂದು ಉಬ್ಬು ಬೆಸೆದಿರುತ್ತಾರೆ. ಇಲ್ಲಿ ಯಾರೋ ಕತ್ತರಿಸಿ ತೇಪೆ ಹಾಕಿದ್ದರು, ಹರಿದ ಲಂಗಕ್ಕೆ ಹಾಕಿದ ಹಾಗೆ.

ಅಂಗಡಿಯವನು ನಾಚಿಕೊಳ್ಳಲಿಲ್ಲ. "ಎಂಜಿನ್ ಅಂತೂ 340ರದೇ" ಎಂದ. ಅದು ಸುಳ್ಳಲ್ಲ. ಗಿಲೀಟಿನ ಸರ ಹಾಕಿಕೊಂಡು ಮದುವೆಗೆ ಹೋಗುವುದರಲ್ಲಿ ತಪ್ಪಿಲ್ಲ ನೋಡಿ, ಬಂಗಾರದ ರೇಟಿಗೆ ಮಾರಿದರೆ ತಪ್ಪು. ವಾಪಸು ಬರುವಾಗ, ಇನ್ನು ಈ ಹುಚ್ಚು ಬಿಡುತ್ತಾಳೆ ಎಂದು ನಾನು ಒಳಗೊಳಗೇ ನೆಮ್ಮದಿಪಟ್ಟೆ. ಅಳಿಯನಿಗೆ ಕೊಟ್ಟ ಮಾತು ತಾನಾಗಿಯೇ ನಡೆಯಿತಲ್ಲ!

ಎರಡು ವಾರದ ನಂತರ ಇನ್ನೊಂದು ಕಾರಿನ ಸುದ್ದಿ ಬಂತು. ಪಶ್ಚಿಮಕ್ಕೆ ಜಾಕ್ಸನ್ ಊರಿನ ಆಸುಪಾಸು, ಹಳ್ಳಿ. ಮಾರುವವರು ಒಬ್ಬ ಮುದುಕಿ. ಮುದುಕಿ ಎಂದೆನಲ್ಲ, ನನಗಿಂತ ಐದು ವರ್ಷ ದೊಡ್ಡವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಕೊಟ್ಟಿಗೆಯ ಬಾಗಿಲು ಸರಿಸಿದಾಗ ಒಳಗೆ ಹಸಿ ಅಡಿಕೆಯ ಬಣ್ಣದ ಕಾರು, ಅಲ್ಲಲ್ಲಿ ಮಂಕಾಗಿ. ನನಗೆ ಏನೂ ಅನ್ನಿಸಲಿಲ್ಲ. ಮಗಳು ಬಗ್ಗಿ ಗಾಜಿನಲ್ಲಿ ಇಣುಕಿ ಓದಿದಳು. ವಿ, ಎಸ್, 29, ಎಚ್, ಸೊನ್ನೆ, ಬಿ. ಕೊನೆಯ 'ಬಿ' ಅಂದರೆ ಡೆಟ್ರಾಯಿಟಿನ ಮಗ್ಗುಲಿನ ಹ್ಯಾಮ್‌ಟ್ರಾಮ್ಕ್ ಕಾರ್ಖಾನೆ, ಜನ ಡಾಜ್ ಮೇನ್ ಎನ್ನುತ್ತಿದ್ದದ್ದು. 1910ರಿಂದ ನಡೆದ ಆ ಕಾರ್ಖಾನೆ 1980ರ ಜನವರಿಯಲ್ಲಿ ಮುಚ್ಚಿತು, ಆಮೇಲೆ ಒಡೆದು ನೆಲಸಮ ಮಾಡಿದರು. ಕಾರು ಉಳಿದಿದೆ.

ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಕಥೆ ಕೇಳಿದೆವು. 1970ರ ವಸಂತದಲ್ಲಿ ಅವರಿಗೆ 23 ವರ್ಷ. ಕೈಯಲ್ಲಿ ಕೆಲಸ, ಬ್ಯಾಂಕಿನಲ್ಲಿ ಮುಂಗಡದಷ್ಟು ಹಣ. ಷೋರೂಮಿನವನು, "ನಿಮ್ಮ ತಮ್ಮನಿಗೋ?" ಎಂದು ಕೇಳಿದನಂತೆ. ತನಗೇ ಎಂದಾಗ ಆರು ಸಿಲಿಂಡರಿನ, ಆಟೊಮ್ಯಾಟಿಕ್ ಗೇರಿನ ಡಸ್ಟರ್ ತೋರಿಸಿದ. ಇವರು 340, ನಾಲ್ಕು ಗೇರು ಎಂದು ಪಟ್ಟು ಹಿಡಿದರು. ಉಳಿದ ಹಣಕ್ಕೆ ಸಾಲ ಬೇಕಿತ್ತು. ಸಾಲದವರು ಹೇಳಿದ್ದು, ತಂದೆಯ ಸಹಿ ತನ್ನಿ.

"ತಂದೆಯದೇ?" ಎಂದೆ.

"ಮದುವೆಯಾಗಿದ್ದರೆ ಗಂಡನದು" ಎಂದರು.

ಅಮೆರಿಕದಲ್ಲಿ! ನಾನು ಕಾಫಿಯ ಲೋಟ ಕೆಳಗಿಟ್ಟೆ. ಹೆಂಗಸು ಎಂಬ ಕಾರಣಕ್ಕೆ ಸಾಲ ನಿರಾಕರಿಸಬಾರದೆಂದು ಆ ದೇಶದಲ್ಲಿ ಕಾಯಿದೆಯಾದದ್ದು 1974ರ ಅಕ್ಟೋಬರಿನಲ್ಲಿ. ಚಂದ್ರನ ಮೇಲೆ ಗಂಡಸರು ನಡೆದು ಬಂದು ಐದು ವರ್ಷವಾದ ಮೇಲೆ. ನನ್ನ ಕಥೆ 1979ರದು. ಸಂಬಳ ಬರುತ್ತಿದ್ದ ಮೇಷ್ಟ್ರಮ್ಮ ನಾನು, ಮೂರು ಮೈಲಿ ದೂರದ ಶಾಲೆಗೆ ಹೋಗಲು ಒಂದು ಲೂನಾ ಕೊಳ್ಳೋಣವೆಂದು ಊರಿನ ಒಂದು ಬ್ಯಾಂಕಿಗೆ ಸಾಲಕ್ಕೆ ಹೋದೆ. ಮ್ಯಾನೇಜರು ಬಹಳ ಮರ್ಯಾದೆಯಿಂದ ಕೂರಿಸಿ, "ಯಜಮಾನ್ರನ್ನ ಕಳ್ಸಿಕೊಡಿ ಅಮ್ಮ" ಎಂದರು. ಯಜಮಾನರು, "ಹೆಂಗಸರಿಗೆ ಯಾಕೆ ಅದೆಲ್ಲ" ಎಂದರು. ಹದಿನೇಳು ವರ್ಷ ನಡೆದೆ. ನನಗೇನೂ ಆಗಲಿಲ್ಲ, ಆರೋಗ್ಯವೇ ಆಯಿತು ಎಂದು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಆ ಅಡುಗೆಮನೆಯಲ್ಲಿ ಹಾಗೆ ಹೇಳಲಾಗಲಿಲ್ಲ. ಮಗಳಿಗೆ ಈ ಲೂನಾದ ವಿಷಯ ಅಂದೇ ಮೊದಲು ಗೊತ್ತಾದದ್ದು. ಅವಳು ನನ್ನನ್ನು ನೋಡಿದ ರೀತಿ ನನಗೆ ಅಷ್ಟು ಹಿಡಿಸಲಿಲ್ಲ. ಪಾಪ ಎನ್ನುವ ನೋಟವದು.

"ಅಪ್ಪ ಸಹಿ ಹಾಕಿದರು, ಆದರೆ ಆರು ಸಿಲಿಂಡರಿನದಕ್ಕೆ ಎಂದುಕೊಂಡು" ಎಂದು ಆಕೆ ಗಹಗಹಿಸಿ ನಕ್ಕರು. ಕಾರು ಮನೆಗೆ ಬಂದು ಗುರುಗುಟ್ಟಿದಾಗಲೇ ತಂದೆಗೆ ತಿಳಿದದ್ದು.

ಈಗೇಕೆ ಮಾರುತ್ತೀರಿ ಎಂದು ಕೇಳಿದೆ. ಅವರು ಎಡ ಮಂಡಿಯನ್ನು ತಟ್ಟಿ ತೋರಿಸಿದರು. ಆಪರೇಷನ್ ಆಗಿದೆ. ಆ ಕಾರಿನ ಕ್ಲಚ್ಚು ಬಹಳ ಬಿಗಿ, ಒತ್ತಲಾಗುವುದಿಲ್ಲ. ಬಲಗಾಲಿನ ಎರಡು ಪೆಡಲುಗಳಿಗೆ ತೊಂದರೆಯಿಲ್ಲ, ಎಡಗಾಲಿನ ಒಂದು ಪೆಡಲು ನಲವತ್ತಾರು ವರ್ಷದ ಸಂಗಾತಿಯನ್ನು ಬಿಡಿಸಿತು.

ಮಗಳು ಕಾರಿನಡಿಗೆ ಮಲಗಿಯೇ ಬಿಟ್ಟಳು. ಮಿಷಿಗನ್ನಿನಲ್ಲಿ ಚಳಿಗಾಲ ರಸ್ತೆಗೆ ಉಪ್ಪು ಎರಚುತ್ತಾರೆ, ಹಿಮ ಕರಗಲೆಂದು. ಆ ಉಪ್ಪು ಕಾರುಗಳನ್ನು ಗೆದ್ದಲಿನಂತೆ ತಿನ್ನುತ್ತದೆ. ಈ ಜಾತಿಯ ಕಾರಿನ ಮುಂದಿನ ಚಕ್ರಗಳ ಭಾರವನ್ನು ಸ್ಪ್ರಿಂಗ್ ಬದಲು ಎರಡು ಉಕ್ಕಿನ ಸರಳುಗಳು ತಿರುಚಿಕೊಂಡು ಹೊರುತ್ತವೆ. ಆ ಸರಳುಗಳ ತುದಿ ಕೂರುವ ಅಡ್ಡತೊಲೆಗೆ ತುಕ್ಕು ಹಿಡಿದರೆ ಕಾರು ಬೇಡವೇ ಬೇಡ. ತೊಲೆ ಗಟ್ಟಿಯಿತ್ತು. ಡಿಕ್ಕಿಯ ನೆಲದಲ್ಲಿ ಅಂಗೈಯಗಲದ ತೂತು, ಒಂದು ಬಾಗಿಲ ಕೆಳಗೆ ತುಕ್ಕು. ಮೊದಲ ಮೂರು ಚಳಿಗಾಲ ಮಾತ್ರ ಓಡಿಸಿದ್ದಂತೆ. ಬಾನೆಟ್ಟಿನೊಳಗಿನ ತಗಡು ತನ್ನ ಸ್ಕ್ರೂಗಳ ಸಮೇತ ಇತ್ತು. ಎಂಜಿನ್ನಿನ ಮೇಲೂ ಗೇರುಬಾಕ್ಸಿನ ಮೇಲೂ ಒತ್ತಿದ್ದ ಅಂಕಿಗಳು ಜಾತಕಕ್ಕೆ ಕೂಡಿಬಂದವು. ಎಲ್ಲ ಸರಿ, ಆದರೆ ಎರಡನೆಯ ಗೇರು ಅಳುತ್ತದೆ ಎಂದು ಆಕೆಯೇ ಮೊದಲು ಹೇಳಿದರು.

ಓಡಿಸಿ ನೋಡಲು ಹೊರಟಾಗ ನಾನು ಪಕ್ಕದಲ್ಲಿ ಕೂತೆ, ಆಕೆ ಹಿಂದೆ. ಒಂದರಲ್ಲಿ ಹೊರಟಿತು. ಎದೆಗೆ ಯಾರೋ ಮೆಲ್ಲಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದ ಹಾಗಾಯಿತು. ಎರಡು, ಮೂರು. ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ರ್ ಎಂದು ಹಲ್ಲು ಕಡಿದ ಸದ್ದು. ಮಗಳ ಮುಖ ಸಣ್ಣಗಾಯಿತು. ನನಗೆ ಮಾತ್ರ ಆ ಸದ್ದು ಬಹಳ ಪರಿಚಿತ. ಗೇರುಬಾಕ್ಸಿನೊಳಗೆ ಹಿತ್ತಾಳೆಯ ಬಳೆಗಳಿರುತ್ತವೆ. ಎರಡು ಚಕ್ರಗಳ ವೇಗವನ್ನು ಸಮ ಮಾಡಿ, ಹಲ್ಲಿಗೆ ಹಲ್ಲು ಕೂರಿಸುವುದು ಅವುಗಳ ಕೆಲಸ. ಬಳೆ ಸವೆದರೆ ಗೇರು ಅಳುತ್ತದೆ. ಅಪ್ಪಯ್ಯನ ಫಾರ್ಗೊದಲ್ಲಿ ಆ ಬಳೆಗಳೇ ಇರಲಿಲ್ಲ. ಅದಕ್ಕೇ ಅವರು ಕ್ಲಚ್ಚನ್ನು ಎರಡೆರಡು ಸಲ ಒತ್ತುತ್ತಿದ್ದದ್ದು.

"ಒತ್ತು. ನ್ಯೂಟ್ರಲ್ಲಿಗೆ ತಾ. ಕ್ಲಚ್ ಬಿಡು. ಈಗ ಎಕ್ಸಲೇಟರ್ ಒಂದು ಚೂರು ಕೊಡು, ಸಾಕು. ಮತ್ತೆ ಒತ್ತು. ಹಾಕು ಎರಡಕ್ಕೆ" ಎಂದೆ.

ಮೊದಲ ಸಲ ಎಕ್ಸಲೇಟರು ಹೆಚ್ಚಾಯಿತು, ಎರಡನೆಯ ಸಲ ತಡವಾಯಿತು. ಮೂರನೆಯ ಸಲ ಗೇರು ಬೆಣ್ಣೆಯೊಳಗೆ ಬೆರಳಿಳಿದ ಹಾಗೆ ಸದ್ದಿಲ್ಲದೆ ಇಳಿಯಿತು. ಹಿಂದೆ ಕೂತಿದ್ದ ಆಕೆ, "ಇವರಿಗೆ ಯಾರು ಕಲಿಸಿದರು?" ಎಂದು ಕೂಗಿದರು. ನಾನು ಹೇಳಿದೆ. ಕಲ್ಲುಗಳ ವಿಷಯವನ್ನೂ ಹೇಳಿದೆ. ಅವರು ನನ್ನ ಭುಜ ಹಿಡಿದು ಅಲುಗಿಸಿದರು.

ಬೆಲೆ 15,000. ಸಾಗರದ ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಶಿ ಮಾಡುವ ನಾನು ಸುಮ್ಮನಿರಲಾರದೆ ಗೇರುಬಾಕ್ಸಿನ ರಿಪೇರಿಯ ಮಾತೆತ್ತಿದೆ. 500 ಇಳಿಸಿದರು. ಇನ್ನೂ ಕೇಳಬಹುದಿತ್ತು, ಮಗಳು ನನ್ನ ಕಾಲು ತುಳಿದಳು.

ಅಳಿಯನಿಗೆ ನಾನೇ ಹೇಳಿದೆ. ಅವನ ಮಾತಿನಲ್ಲಿ ಒಂದು ನ್ಯಾಯವಿತ್ತು, ಅದನ್ನೂ ಹೇಳಿದೆ. ಹಿಂದಿನ ಸೀಟಿನಲ್ಲಿ ಸೊಂಟಕ್ಕೆ ಮಾತ್ರ ಬೆಲ್ಟು, ಮೊಮ್ಮಗ ಆ ಕಾರಿನಲ್ಲಿ ದೊಡ್ಡ ರಸ್ತೆಗೆ ಹೋಗಕೂಡದು. ಮಗಳು ಒಪ್ಪಿದಳು. ಅಡುಗೆಮನೆ ಇನ್ನೆರಡು ವರ್ಷ ಹಾಗೇ ಇರಲಿ ಎಂದು ಅವನು ಒಪ್ಪಿದ, ಪೂರ್ತಿ ಮನಸ್ಸಿನಿಂದೇನಲ್ಲ. ಕಾರು ತರುವ ದಿನ ಮೂವರೂ ಹೋದೆವು. ಆಕೆ ಮಾಲೀಕತ್ವದ ಕಾಗದದ ಬೆನ್ನಿಗೆ ಸಹಿ ಹಾಕಿ, ಪೆನ್ನನ್ನು ಮಗಳ ಮುಂದೆ ಚಾಚಿದರು. ಕೊಳ್ಳುವವರ ಜಾಗದಲ್ಲಿ ಮಗಳು ತನ್ನ ಹೆಸರು ಬರೆದಳು. ಅಲ್ಲಿ ಇದ್ದದ್ದು ಒಂದೇ ಗೆರೆ. ರಾಜ್ಯದ ಕಚೇರಿಯಲ್ಲಿ ನೂರಕ್ಕೆ 6ರಂತೆ ತೆರಿಗೆ ಕಟ್ಟಿ ನಂಬರು ಪಡೆಯುವುದು ಮುಂದಿನ ವಾರದ ಕೆಲಸವಾಯಿತು.

ಬರುವಾಗ ಮಗಳು ಮತ್ತು ನಾನು ಮುಂದೆ ಡಸ್ಟರಿನಲ್ಲಿ, ಅಳಿಯ ಹಿಂದೆ ತನ್ನ ಆಟೊಮ್ಯಾಟಿಕ್ಕಿನಲ್ಲಿ. ಎರಡು ಕಡೆ ಕಾರು ನಿಂತುಹೋಯಿತು. ಹಿಂದಿದ್ದವರು ಹಾರ್ನ್ ಮಾಡಲಿಲ್ಲ, ಕೈಬೀಸಿ ನಕ್ಕು ಹೋದರು.

ಆ ರಾತ್ರಿ ನೀರು ಕುಡಿಯಲೆಂದು ಎದ್ದಾಗ ಗ್ಯಾರೇಜಿನಲ್ಲಿ ದೀಪ ಉರಿಯುತ್ತಿತ್ತು. ಅಳಿಯ ಒಬ್ಬನೇ ಡಸ್ಟರಿನ ಒಳಗೆ ಕೂತಿದ್ದ. ದಾವಣಗೆರೆಯಲ್ಲಿ ಸೈಕಲ್ಲು, ಇಲ್ಲಿಗೆ ಬಂದ ಮೇಲೆ ಆಟೊಮ್ಯಾಟಿಕ್ಕು. ಗೇರಿನ ಗಾಡಿಯನ್ನು ಅವನು ಜನ್ಮದಲ್ಲಿ ಮುಟ್ಟಿದವನಲ್ಲ. ನನ್ನನ್ನು ಕಂಡು ಇಳಿದು ಬಂದ.

"ಅತ್ತೆ, ಆ ಡಬಲ್ ಕ್ಲಚ್ ಅಂದ್ರಲ್ಲ... ಏನದು?"

ಮಗಳನ್ನು ಎಬ್ಬಿಸಬೇಡ ಎಂದು ಸನ್ನೆ ಮಾಡಿದೆ. ಬಾಗಿಲ ಬಳಿಯಿಂದ ಮೂರು ಚಪ್ಪಲಿಗಳನ್ನು ತಂದು ಸಿಮೆಂಟಿನ ನೆಲದ ಮೇಲೆ ಸಾಲಾಗಿಟ್ಟು, ಒಂದು ಸ್ಟೂಲು ಎಳೆದು, ಕೂತ್ಕೋ ಎಂದೆ.